ಸಿ-2 ನನ್ನದು

ನಮ್ಮ ಸ್ಟುಡಿಯೋದ ಕ್ಯಾಮರಾದ ನೆತ್ತಿಯ ಮೇಲೆ ಒಂದು ತಿರುಗಣಿ ಇದೆ. ಅದರ ಸುತ್ತ ಏನೇನೋ ಅಕ್ಷರಗಳು. ಅವುಗಳಲ್ಲಿ ಮೂರು ಮಾತ್ರ ಮನುಷ್ಯರಿಗೆ ಸೇರಿದವು: ಸಿ-1, ಸಿ-2, ಸಿ-3. ಯಾವ ಗುಂಡಿ ಯಾವ ಕೆಲಸ ಮಾಡಬೇಕು, ಬೆಳಕೆಷ್ಟು, ಬಣ್ಣ ಹೇಗೆ, ಸದ್ದು ಬೇಕೋ ಬೇಡವೋ ಎಲ್ಲವನ್ನೂ ನಮಗೆ ಹಿಡಿಸುವ ಹಾಗೆ ಹೊಂದಿಸಿ ಇವುಗಳಲ್ಲಿ ಒಂದರಲ್ಲಿ ಉಳಿಸಿಟ್ಟರೆ ಮುಗಿಯಿತು. ಆಮೇಲೆ ತಿರುಗಣಿಯನ್ನು ಅಲ್ಲಿಗೆ ತಿರುಗಿಸಿದರೆ ಸಾಕು, ಕ್ಯಾಮರಾ ನಿಮ್ಮದು. ಬೇರೆಯವರ ಮನೆಯಲ್ಲಿ ಬೀಗ ಹಾಕಿಕೊಳ್ಳುವ ಒಂದು ಕೋಣೆ ಸಿಕ್ಕ ಹಾಗೆ.

ಸಿ-1 ಅಮೋಘಿ ಅಣ್ಣನದು. ವಿಜಯಪುರದ ಇಬ್ರಾಹಿಂಪುರದಲ್ಲಿ ರೈಲ್ವೆ ಹಳಿಗೆ ಬೆನ್ನು ಮಾಡಿ ನಿಂತ ಆ ಸ್ಟುಡಿಯೋ ಅವನದೇ, ಕ್ಯಾಮರಾ ಅವನದೇ. ಸಿ-2 ನನ್ನದು. ಸಿ-3 ಖಾಲಿ ಇತ್ತು. ಅದು ಖಾಲಿ ಇದ್ದಷ್ಟು ದಿನ ನಾನು ಎಷ್ಟು ಒಳ್ಳೆಯ ಹುಡುಗಿಯಾಗಿದ್ದೆ ಎಂದು ಈಗ ಅನಿಸುತ್ತದೆ.

ನಾನು ನಸ್ರೀನ, ಬಿ.ಎಸ್ಸಿ. ಎರಡನೇ ವರ್ಷ. ಸ್ಟುಡಿಯೋದಿಂದ ಎರಡು ಓಣಿ ಆಚೆ ನಮ್ಮ ಮನೆ. ಪಿಯುಸಿ ಮುಗಿದ ರಜೆಯಲ್ಲಿ ಪಾಸ್‌ಪೋರ್ಟ್ ಸೈಜಿನ ಫೋಟೋ ತೆಗೆಸಲು ಹೋದವಳು ಅಲ್ಲೇ ಉಳಿದೆ. ಕಾಲೇಜು ಬಿಟ್ಟ ಮೇಲೆ ದಿನಾ ಎರಡು ತಾಸು, ಮದುವೆ ಇದ್ದರೆ ಇಡೀ ದಿನ. ಸಿ-2ನ್ನು ಕಟ್ಟಲು ನನಗೆ ಒಂದು ವರ್ಷ ಹಿಡಿಯಿತು. ಶಟರಿನ ಗುಂಡಿ ಬರೀ ಫೋಟೋ ತೆಗೆಯಬೇಕು, ಫೋಕಸ್ ಮಾಡುವ ಕೆಲಸ ಹೆಬ್ಬೆರಳಿನ ಕೆಳಗಿನ ಗುಂಡಿಗೆ. ಮುಂದಿನ ಸಣ್ಣ ಗುಂಡಿ ಒತ್ತಿದರೆ ತೆಗೆದ ಫೋಟೋದಲ್ಲಿನ ಕಣ್ಣು ದೊಡ್ಡದಾಗಿ ಕಾಣಬೇಕು, ಕಣ್ಣು ಮುಚ್ಚಿದವರನ್ನು ಅಲ್ಲೇ ಹಿಡಿಯಬೇಕಲ್ಲ. ಫೋಕಸ್ ಆದಾಗಿನ ಟೀಂ ಟೀಂ ಸದ್ದು ಬಂದ್, ಶಟರಿನ ಸದ್ದೂ ಬಂದ್. ಮೆನುವಿನಲ್ಲಿರುವ ನೂರೆಂಟು ಸಾಲುಗಳಲ್ಲಿ ನನಗೆ ಬೇಕಾದ ಐದನ್ನು ಮಾತ್ರ ಆರಿಸಿ ನನ್ನದೇ ಒಂದು ಪುಟಕ್ಕೆ ತಂದು ಕೂರಿಸಿದ್ದೆ. ಎಲ್ಲಕ್ಕಿಂತ ಮುಖ್ಯ ಬಣ್ಣ. ನಮ್ಮ ಕಡೆಯ ಮದುವೆ ಹಾಲ್‌ಗಳ ಟ್ಯೂಬ್‌ಲೈಟಿನಲ್ಲಿ ಎಂಥ ಮದುಮಗಳೂ ಮುಖಕ್ಕೆ ಬೂದಿ ಬಳಿದುಕೊಂಡ ಹಾಗೆ ಕಾಣುತ್ತಾಳೆ. ಅದಕ್ಕೆ ಬಣ್ಣವನ್ನು ಹಳದಿಯ ಕಡೆಗೆ ಮೂರು ಮೆಟ್ಟಿಲು ಸರಿಸಿದ್ದೆ.

"ಇದೇನ ತಂಗಿ, ಎಲ್ಲಾರಿಗೂ ಕಾಮಣಿ ಬ್ಯಾನಿ ಆದಂಗ ಕಾಣತೈತಿ," ಎಂದಿದ್ದ ಅಮೋಘಿ ಅಣ್ಣ ಮೊದಲ ಸಲ ನೋಡಿ.

"ಕಾಮಣಿ ಅಲ್ಲರಿ ಅಣ್ಣಾ, ಅರಿಷಿಣ."

"ನಿಮ್ಮ ಮಂದ್ಯಾಗೂ ಅರಿಷಿಣ ಹಚ್ಚತಾರೇನ?"

"ಹಲ್ದಿ ಇಲ್ಲದ ಶಾದಿ ಎಲ್ಲೈತ್ರಿ?"

"ಹಂಗಾರ ಇರಲಿ ಬಿಡು. ದವಾಖಾನಿ ಖರ್ಚ ಮಾತ್ರ ನನ್ನ ಕೇಳಬ್ಯಾಡ್ರಿ ಅನ್ನು."

ನಮ್ಮ ಮದುವೆಗಳಲ್ಲಿ ಹೆಂಗಸರು ಕೂರುವ ಕಡೆ ಪರದೆ ಇರುತ್ತದೆ. ಅಲ್ಲಿ ಫೋಟೋ ತೆಗೆಯುವವಳು ಹೆಣ್ಣೇ ಆಗಬೇಕು. ಹೆಣ್ಣಾದರೂ ಹಿಂಜರಿಯುವ ಮನೆಗಳಿದ್ದವು, ಫೋಟೋ ಆಮೇಲೆ ಗಂಡಸರ ಅಂಗಡಿಯ ಕಂಪ್ಯೂಟರಿಗೇ ಹೋಗುತ್ತದಲ್ಲ ಎಂದು. ಅದಕ್ಕೆ ನಾನೂ ಅಮೋಘಿ ಅಣ್ಣನೂ ಒಂದು ಪದ್ಧತಿ ಮಾಡಿದೆವು. ಆ ದಿನಕ್ಕೆಂದೇ ಒಂದು ಹೊಸ ಕಾರ್ಡು. ಮದುವೆ ಮುಗಿದ ಕೂಡಲೇ ಎಲ್ಲ ಹೆಂಗಸರ ಎದುರಿಗೆ ಕ್ಯಾಮರಾದ ಬಾಗಿಲು ತೆಗೆದು ಆ ಕಾರ್ಡನ್ನು ಹೊರಗೆಳೆದು ಮದುಮಗಳ ತಾಯಿಗೋ ಅಜ್ಜಿಗೋ ಕೊಡುವುದು. ಸ್ಟುಡಿಯೋಕ್ಕೆ ಒಂದು ಫೋಟೋ ಕೂಡ ಬರುವುದಿಲ್ಲ. ಪ್ರಿಂಟ್ ಬೇಕಾದರೆ ಅವರೇ ಕಾರ್ಡು ತರುತ್ತಾರೆ, ನಾನು ತೆಗೆದುಕೊಡುತ್ತೇನೆ, ಅಷ್ಟು ಹೊತ್ತು ಅಮೋಘಿ ಅಣ್ಣ ತನ್ನದೇ ಅಂಗಡಿಯ ಹೊರಗೆ ಕೂತು ಚಹಾ ಕುಡಿಯುತ್ತಾನೆ. 'ಹೆಂಗಸರ ಕಾರ್ಡು ಹೆಂಗಸರ ಕೈಗೆ' ಎಂಬ ಮಾತು ತಿಕೋಟಾ, ಕಳ್ಳಕವಟಗಿವರೆಗೂ ಹೋಯಿತು. ನನ್ನ ಹೆಸರೂ ಅದರ ಜೊತೆ ಹೋಯಿತು.

ಕ್ಯಾಮರಾದಲ್ಲಿ ಎರಡು ಕಾರ್ಡಿಗೆ ಜಾಗವಿದೆ. ಎರಡನೆಯದರಲ್ಲಿ ಸ್ಟುಡಿಯೋದ ಬೇರೆ ಕೆಲಸಗಳ ಕಾರ್ಡು ಸದಾ ಕೂತಿರುತ್ತದೆ, ಅದನ್ನು ತೆಗೆಯುವ ಗೋಜಿಗೆ ಯಾರೂ ಹೋಗುವುದಿಲ್ಲ. ಅಮೋಘಿ ಅಣ್ಣನ ಸಿ-1ರಲ್ಲಿ ಪ್ರತಿ ಫೋಟೋ ಎರಡೂ ಕಾರ್ಡಿಗೆ ಬೀಳುತ್ತದೆ, ಒಂದು ಕೆಟ್ಟರೆ ಇನ್ನೊಂದಿರಲಿ ಎಂದು. ನನ್ನ ಸಿ-2ರಲ್ಲಿ ಮೊದಲನೆಯದಕ್ಕೆ ಮಾತ್ರ. ಇದು ನೆನಪಿರಲಿ. ನನಗೆ ನೆನಪಿರಬೇಕಾದ ಹೊತ್ತಿನಲ್ಲಿ ನೆನಪಿರಲಿಲ್ಲ.

ಶರ್ವರಿ ನನ್ನ ಕ್ಲಾಸಿನವಳು. ಬಬಲೇಶ್ವರದಿಂದ ದಿನಾ ಬಸ್ಸಿನಲ್ಲಿ ಓಡಾಡುವವಳು. ಸಂಜೆ ಬಸ್ಸು ತಪ್ಪಿದಾಗ ಕೂರಲು ಒಂದು ನೆರಳಿರಲಿ ಎಂದು ಅವಳನ್ನು ಸ್ಟುಡಿಯೋಕ್ಕೆ ಕರೆತಂದದ್ದು ನಾನೇ. ಹಾವಿಗೆ ಹಾಲೆರೆದೆ ಅನ್ನಲು ನಾಲಿಗೆ ತುರಿಸುತ್ತದೆ, ಆದರೆ ಅವಳು ಹಾವಲ್ಲ. ಅದೇ ಕಷ್ಟ. ಹಾವಾಗಿದ್ದರೆ ಸುಲಭವಿತ್ತು.

ಎರಡು ತಿಂಗಳಿಗೆ ಅವಳ ಕೈಗೂ ಕ್ಯಾಮರಾ ಬಂತು. "ಆಕಿಗಿ ಸಿ-3 ಬಿಟ್ಟಕೊಡು ತಂಗಿ, ಹೆಂಗ ಉಳಿಸೂದು ನೀನ ಹೇಳಿಕೊಡು," ಎಂದ ಅಮೋಘಿ ಅಣ್ಣ. ಹೇಳಿಕೊಟ್ಟೆ. ಒಂದು ನೋಟುಬುಕ್ಕು ಇಟ್ಟುಕೊಂಡು, ಯಾವ ಗುಂಡಿಗೆ ಏನು ಕೊಟ್ಟರೆ ಏನಾಯಿತು ಎಂದು ಬರೆದು, ಅಳಿಸಿ, ನಾಲ್ಕು ವಾರ ಕೂತು ತನ್ನ ಸಿ-3 ಕಟ್ಟಿದಳು. ಎಷ್ಟೋ ಗುಂಡಿಗಳನ್ನು ನನ್ನ ಹಾಗೇ ಇಟ್ಟುಕೊಂಡಳು, ಕಾರ್ಡೂ ನನ್ನ ಹಾಗೇ ಒಂದೇ. ಬಣ್ಣ ಮಾತ್ರ ಮುಟ್ಟಲಿಲ್ಲ. ಅದು ನಿಂದು, ಎಂದಳು.

ಆಮೇಲೆ ತಿಕೋಟಾದಲ್ಲಿ ಒಂದು ಮದುವೆ ಬಂತು. ಅದೇ ದಿನ ನನಗೆ ಕೆಮಿಸ್ಟ್ರಿ ಪ್ರಾಕ್ಟಿಕಲ್, ಅವಳ ಬ್ಯಾಚಿಗೆ ಹಿಂದಿನ ದಿನವೇ ಮುಗಿದಿತ್ತು. ಶರ್ವರಿ ಹೋದಳು. ವಾರದ ಮೇಲೆ ಆ ಮನೆಯವರು ಪ್ರಿಂಟಿಗೆ ಕಾರ್ಡು ತಂದರು. ಅಮೋಘಿ ಅಣ್ಣ ಚಹಾಕ್ಕೆ ಹೊರಗೆ ಹೋದ, ನಾನು ಫೋಟೋ ತೆರೆದೆ.

ನನ್ನ ಫೋಟೋಗಳಲ್ಲಿ ಎಲ್ಲರೂ ನನ್ನನ್ನೇ ನೋಡುತ್ತಿರುತ್ತಾರೆ. ಇವುಗಳಲ್ಲಿ ಯಾರೂ ಶರ್ವರಿಯನ್ನು ನೋಡುತ್ತಿರಲಿಲ್ಲ. ಒಬ್ಬಳು ಬಿಗಿಯಾದ ಬಳೆ ಏರಿಸಿಕೊಳ್ಳುತ್ತ ತುಟಿ ಕಚ್ಚಿದ್ದಳು. ಒಬ್ಬ ಮುದುಕಿ ಮಗ್ಗುಲಲ್ಲಿದ್ದವಳ ಕಿವಿಯಲ್ಲಿ ಏನೋ ಹೇಳುತ್ತಿದ್ದಳು, ಕೇಳುವವಳ ಹುಬ್ಬು ಮೇಲೇರಿತ್ತು. ಮದುಮಗಳು ಯಾರಿಗೂ ಕಾಣದ ಹಾಗೆ ಆಕಳಿಸುತ್ತಿದ್ದಳು. ಕಾರ್ಡು ತಂದವಳು ಒಂದೊಂದು ಪ್ರಿಂಟು ಹೊರಬಂದ ಹಾಗೂ ಎದೆಗೊತ್ತಿಕೊಂಡಳು. ನಾನೇ ಅವನ್ನೆಲ್ಲ ಅಳತೆಗೆ ಕತ್ತರಿಸಿದೆ. ಎರಡನ್ನು ಸ್ವಲ್ಪ ಸೊಟ್ಟಗೆ ಕತ್ತರಿಸಿದೆ.

"ಹೆಂಗ ತಗದಿ ಬೇ ಅವು?" ಮರುದಿನ ಕ್ಯಾಂಟೀನಿನಲ್ಲಿ ಏನೂ ಆಗದವಳ ಹಾಗೆ ಶರ್ವರಿಯನ್ನು ಕೇಳಿದೆ.

"ಏನಿಲ್ಲ. ಕಾಯ್ಕೊಂತ ನಿಂದರತೇನಿ, ಅಷ್ಟ."

ಕಾಯುವುದಂತೆ. ಬಸ್‌ಸ್ಟ್ಯಾಂಡಿನಲ್ಲಿ ನಾವೂ ಕಾಯುತ್ತೇವೆ. ಅವಳ ಕೈಯಲ್ಲೇನಿಲ್ಲ, ಎಲ್ಲ ಆ ಸಿ-3ರ ಆಟ ಎಂದು ನನಗೆ ನಾನೇ ಹೇಳಿಕೊಂಡೆ. ನೋಟುಬುಕ್ಕಿನಲ್ಲಿ ಏನೋ ಗುಟ್ಟು ಬರೆದಿಟ್ಟುಕೊಂಡಿದ್ದಾಳೆ. ಒಂದು ದಿನ ಅವಳು ಕೈ ತೊಳೆಯಲು ಹೋದಾಗ ಆ ನೋಟುಬುಕ್ಕನ್ನೂ ತೆರೆದು ನೋಡಿದೆ. ಗುಟ್ಟೇನೂ ಇರಲಿಲ್ಲ. ಅದರಿಂದ ಹೊಟ್ಟೆಯ ಉರಿ ಇನ್ನಷ್ಟು ಹೆಚ್ಚಾಯಿತು.

ಇಷ್ಟಾದರೂ ನಾನು ಸುಮ್ಮನಿರುತ್ತಿದ್ದೆನೇನೋ. ಸುರೈಯಾಳ ಮದುವೆ ಬಂತು. ಸುರೈಯಾ ನನ್ನ ಖಾಲಾನ, ಅಂದರೆ ತಾಯಿಯ ತಂಗಿಯ ಮಗಳು, ತಿಕೋಟಾದವಳು. ಮದುವೆಯೂ ಅಲ್ಲೇ. ಯಜಮಾನಿಕೆಯೆಲ್ಲ ಅಲ್ಲೇ ಇರುವ ನಮ್ಮ ಅಜ್ಜಿ, ನಾನಿ ಬೀಬಿಜಾನಳದು. ನಮ್ಮ ಮನೆಯಲ್ಲಿ ಉರ್ದು ಮಾತು. ನಾನಿ ಮಾತ್ರ ಸಿಟ್ಟು ಬಂದಾಗ, ತೀರ್ಪು ಹೇಳುವಾಗ ಕನ್ನಡಕ್ಕೆ ಇಳಿಯುತ್ತಾಳೆ. ಅವಳು ಕನ್ನಡದಲ್ಲಿ ಶುರು ಮಾಡಿದಳೆಂದರೆ ಮಾವಂದಿರೆಲ್ಲ ಚಪ್ಪಲಿ ಹುಡುಕುತ್ತಾರೆ.

"ಕ್ಯಾಮರಾ ಆ ಬಬಲೇಶ್ವರದ ಹುಡುಗಿ ಹಿಡೀಲಿ," ಎಂದಳು ನಾನಿ, ಕನ್ನಡದಲ್ಲಿ.

"ಯಾಕ ನಾನಿ? ನಾ ಇಲ್ಲೇನ?"

"ನೀ ಮನಿ ಹುಡುಗಿ. ಮೆಹಂದಿ ಹಚ್ಕೊಂಡ ಚಂದಾಗಿ ಕುಂದ್ರ."

"ಮೆಹಂದಿ ಹಚ್ಕೊಂಡೂ ಫೋಟೋ ತಗೀಬಹುದು."

"ಖರೇ ಹೇಳಲ್ಯಾ? ಆ ಶಾದಿ ಮನಿಯವರು ಫೋಟೋ ತೋರಿಸಿದ್ರು. ಆ ಹುಡುಗಿ ಫೋಟೋದಾಗ ಮಂದಿ ಮಂದ್ಯಂಗ ಕಾಣತಾರ. ನಿನ್ನ ಫೋಟೋದಾಗ ನಾವೆಲ್ಲಾ ರೇಷನ್ ಕಾರ್ಡಿಗಿ ನಿಂತಂಗ ಕಾಣತೇವಿ."

ಎಲ್ಲರೂ ನಕ್ಕರು. ಸುರೈಯಾ ಕೂಡ ನಕ್ಕಳು. ನಾನೂ ನಕ್ಕೆ.

ಮದುವೆಗೆ ಎರಡು ದಿನ ಮುಂಚೆ, ಮಧ್ಯಾಹ್ನ, ಅಮೋಘಿ ಅಣ್ಣ ಊಟಕ್ಕೆ ಹೋಗಿದ್ದ. ಕ್ಯಾಮರಾ ಮೇಜಿನ ಮೇಲಿತ್ತು. ತಿರುಗಣಿಯನ್ನು ಸಿ-1ಕ್ಕೆ ತಿರುಗಿಸಿ ಮೆನು ತೆರೆದೆ. ಈಗಿನ ಹೊಂದಿಕೆಯನ್ನು ಎಲ್ಲಿ ಉಳಿಸಲಿ ಎಂದು ಕೇಳಿತು. ಸಿ-3. ಅಲ್ಲಿರುವ ಹಳೆಯದು ಹೋಗುತ್ತದೆ, ಆಗಬಹುದೇ ಎಂದು ಇನ್ನೊಮ್ಮೆ ಕೇಳಿತು. ಕ್ಯಾಮರಾಗಳಿಗೆ ನಮಗಿಂತ ಹೆಚ್ಚು ಮರ್ಯಾದೆ ಇದೆ. ಆಗಬಹುದು ಎಂದು ಒತ್ತಿದೆ. ನೋಟುಬುಕ್ಕು ಹಿಡಿದು ನಾಲ್ಕು ವಾರ ಕಟ್ಟಿದ್ದು ನಾಲ್ಕು ಸೆಕೆಂಡಿನಲ್ಲಿ ಹೋಯಿತು. ಈಗ ಸಿ-3 ಎಂದರೂ ಒಳಗಿರುವುದು ಅಮೋಘಿ ಅಣ್ಣನ ಸಿ-1.

ನನ್ನ ಆಸೆ ಇಷ್ಟೇ ಇತ್ತು. ನಮ್ಮ ಮನೆಯ ಹೆಂಗಸರ ಎದುರಿಗೆ ಅವಳ ಬೆರಳು ಒಮ್ಮೆ ತಡವರಿಸಬೇಕು. ನಾನಿ ಅದನ್ನು ನೋಡಬೇಕು. ಕಾರ್ಡಿನ ವಿಷಯ ನನ್ನ ತಲೆಗೆ ಹೊಳೆಯಲೇ ಇಲ್ಲ.

ಭಾನುವಾರ ಮದುವೆ. ಎರಡೂ ಕೈಗೆ ಮೆಹಂದಿ ಹಚ್ಚಿಕೊಂಡು, ಹಸಿರು ಜರಿಯ ಡ್ರೆಸ್ಸು ಹಾಕಿಕೊಂಡು, ನಾನು ದಿನವಿಡೀ ಒಂದೇ ಕೆಲಸ ಮಾಡಿದೆ: ಶರ್ವರಿಯ ಕೈ ನೋಡಿದೆ. ಒಳಗಿನ ಕೋಣೆಯಲ್ಲಿ ಸಿಂಗಾರ ನಡೆದಿತ್ತು. ನಾನಿ ಮೆಹಂದಿ ಹಚ್ಚಿದ ಕೆಂಪು ಕೂದಲನ್ನು ಬಿಚ್ಚಿ ಹಾಕಿಕೊಂಡು, ಬಾಯಲ್ಲಿ ಪಿನ್ನು ಕಚ್ಚಿಕೊಂಡು ಸುರೈಯಾಳ ದುಪಟ್ಟಾ ಸರಿಮಾಡುತ್ತಿದ್ದಳು. ಹತ್ತು ಜನ ಒಟ್ಟಿಗೆ ಮಾತಾಡುತ್ತಿದ್ದರು. ಶರ್ವರಿ ಕ್ಯಾಮರಾವನ್ನು ಎರಡು ಸಲ ಕೆಳಗಿಳಿಸಿ ನೋಡಿದಳು, ಹೆಬ್ಬೆರಳು ಒತ್ತಿ ಒತ್ತಿ ನೋಡಿದಳು. ಏನೋ ಸರಿ ಇಲ್ಲ ಎಂದು ಗೊತ್ತಾಗಿತ್ತು. ಆದರೂ ತೆಗೆಯುತ್ತಿದ್ದಳು.

ಆಮೇಲೆ ನಿಕಾಹದ ವಕೀಲರೂ ಸಾಕ್ಷಿಗಳೂ ಪರದೆಯ ಆಚೆ ಬಂದು ನಿಂತರು. ಮದುಮಗಳ ಒಪ್ಪಿಗೆ ಕೇಳುವ ಹೊತ್ತು. ಹಾಲ್‌ನಲ್ಲಿದ್ದ ಹೆಂಗಸರೆಲ್ಲ ಸೆರಗು ಎಳೆದುಕೊಂಡು ಸುಮ್ಮನಾದರು. ಫ್ಯಾನಿನ ಸದ್ದು ಮಾತ್ರ ಕೇಳುತ್ತಿತ್ತು. ಸುರೈಯಾ ಬಾಯಿ ತೆರೆಯಬೇಕು, ಅಷ್ಟರಲ್ಲಿ ಟೀಂ ಟೀಂ.

ಎಲ್ಲರ ತಲೆ ಶರ್ವರಿಯ ಕಡೆ ತಿರುಗಿತು. ಅವಳ ಕಿವಿ ಕೆಂಪಾಯಿತು. ನಾನು ಮೂರನೇ ಸಾಲಿನಲ್ಲಿ, ಕಂಬಕ್ಕೆ ಒರಗಿ ನಿಂತಿದ್ದೆ. ಎಷ್ಟು ಖುಷಿಯಾಯಿತೆಂದರೆ ಬಾಯಲ್ಲಿದ್ದ ಬಡೇಸೋಪು ಜಗಿಯುವುದನ್ನೇ ಮರೆತೆ.

ಆದರೆ ಆ ಖುಷಿ ಒಂದೇ ಗುಟುಕಿನದು. ಶರ್ವರಿ ಕ್ಯಾಮರಾ ಕೆಳಗಿಳಿಸಿ ತಿರುಗಣಿಯನ್ನು ಏನೋ ಮಾಡಿದಳು, ಮತ್ತೆ ಕಣ್ಣಿಗೆ ಏರಿಸಿದಳು. ಆಮೇಲೆ ಸದ್ದಿಲ್ಲ, ತಡವರಿಕೆ ಇಲ್ಲ. ಸಂಜೆವರೆಗೆ ಹೆಂಗಸರ ನಡುವೆ ನೀರಿನ ಹಾಗೆ ಓಡಾಡಿದಳು. ಕೊನೆಗೆ ಎಲ್ಲರ ಎದುರಿಗೆ ಕ್ಯಾಮರಾದ ಬಾಗಿಲು ತೆಗೆದು ಮೊದಲನೇ ಕಾರ್ಡನ್ನು ನಾನಿಯ ಕೈಗೆ ಕೊಟ್ಟಳು. ನಾನಿ ಅದನ್ನು ಎಲೆ ಅಡಿಕೆ ಸಂಚಿಯಲ್ಲಿ ಹಾಕಿ ದಾರ ಬಿಗಿದಳು. "ಶಾಣ್ಯಾ ಹುಡುಗಿ," ಎಂದು ಅವಳ ಗಲ್ಲ ಸವರಿದಳು. ನನ್ನ ಗಲ್ಲ ಎರಡೇ ಅಡಿ ದೂರದಲ್ಲಿತ್ತು.

ಸೋಮವಾರ ಕಾಲೇಜಿಗೆ ರಜೆ ಇತ್ತು. ಮುಂಜಾನೆಯೇ ಸ್ಟುಡಿಯೋದಲ್ಲಿ ಬಬಲೇಶ್ವರದ ಪ್ರಲ್ಹಾದ ಮಾಸ್ತರರು ಬಂದು ಕೂತಿದ್ದರು. ಅವರ ಶಾಲೆಯ ವಾರ್ಷಿಕ ಗ್ಯಾದರಿಂಗಿನ ಫೋಟೋಗಳು ಎರಡನೇ ಕಾರ್ಡಿನಲ್ಲಿದ್ದವು. ಮೇಜಿನ ಮೇಲಿನ ದೊಡ್ಡ ಪರದೆಯನ್ನು ಅಮೋಘಿ ಅಣ್ಣ ಮಾಸ್ತರರ ಕಡೆ ತಿರುಗಿಸಿದ. ಶರ್ವರಿ ಮೂಲೆಯಲ್ಲಿ ಕೂತು ಫ್ರೇಮಿಗೆ ಗಾಜು ಒರೆಸುತ್ತಿದ್ದಳು.

"ತಂಗಿ, ಕ್ಯಾಮರಾದಾಗಿನ ಎರಡನೇ ಕಾರ್ಡ ತಗದ ಕೊಡು. ಮಾಸ್ತರ್ರು ಗಡಿಬಿಡ್ಯಾಗ ಅದಾರ."

ಕಾರ್ಡು ತೆಗೆಯುವ ಮೊದಲು ಕ್ಯಾಮರಾ ಆನ್ ಮಾಡಿ ನೋಡಿದೆ, ಸುಮ್ಮನೆ, ರೂಢಿ. ಹಿಂದಿನ ಸಣ್ಣ ಪರದೆಯಲ್ಲಿ ಸುರೈಯಾ ತಲೆ ತಗ್ಗಿಸಿ ಕೂತಿದ್ದಳು. ಹಿಂದಕ್ಕೆ ಹಿಂದಕ್ಕೆ ಸರಿಸಿದೆ. ಮದುವೆಯ ಮೊದಲನೆಯದರಲ್ಲಿ ನಾನಿ, ಕೆಂಪು ಕೂದಲು ಬೆನ್ನ ತುಂಬ, ಬಾಯಲ್ಲಿ ಪಿನ್ನು. ಮದುವೆಯವು ಒಟ್ಟು ಮೂವತ್ತೇಳು.

ಆಗ ಹೊಳೆಯಿತು. ಸಿ-1ನ್ನು ತಂದು ಸಿ-3ರಲ್ಲಿ ಇಟ್ಟಾಗ ಗುಂಡಿಗಳ ಜೊತೆ, ಸದ್ದಿನ ಜೊತೆ, ಎರಡೂ ಕಾರ್ಡಿಗೆ ಬೀಳುವ ಹೊಂದಿಕೆಯೂ ಬಂದಿತ್ತು.

ಈ ಕಾರ್ಡನ್ನು ಸುಮ್ಮನೆ ಕೊಟ್ಟರೆ ಏನಾಗುತ್ತದೆ ಎಂಬುದು ನನಗೆ ಸಿನಿಮಾದ ಹಾಗೆ ಕಂಡಿತು. ದೊಡ್ಡ ಪರದೆಯ ಮೇಲೆ ಹೆಂಗಸರ ಕೋಣೆ ತೆರೆಯುತ್ತದೆ. ಯಾರು ತೆಗೆದದ್ದು? ಶರ್ವರಿ. ಅವಳ ಕಥೆ ಇವತ್ತಿಗೆ ಮುಗಿಯಿತು. ಹೆಂಗಸರ ಕಡೆ ಮತ್ತೆ ನನ್ನದು. ಕಾರ್ಡು ನನ್ನ ಬೆರಳಿನ ತುದಿಯಲ್ಲಿತ್ತು, ಅಮೋಘಿ ಅಣ್ಣ ಕೈ ಚಾಚಿದ್ದ. ಆದರೆ ಆ ಪರದೆಯ ಮೇಲೆ ನಾನಿಯ ಬಿಚ್ಚಿದ ಕೂದಲೂ ಬರುತ್ತದೆ. ಅದನ್ನು ಸ್ವಂತ ಅಳಿಯಂದಿರೂ ನೋಡಿದವರಲ್ಲ.

"ಅಣ್ಣಾ, ಇದರಾಗ ಹೆಣ್ಮಕ್ಕಳ ಫೋಟೋ ಬಿದ್ದಾವರಿ," ಎಂದೆ.

ಅಮೋಘಿ ಅಣ್ಣ ಕಾದ ಹಂಚು ಮುಟ್ಟಿದವನ ಹಾಗೆ ಕೈ ಹಿಂದಕ್ಕೆ ಎಳೆದುಕೊಂಡ. ಮಾಸ್ತರರಿಗೆ ಎರಡು ದಿನ ಬಿಟ್ಟು ಬರ್ರಿ ಎಂದು ಕೈ ಮುಗಿದು ಕಳಿಸಿದ. ಆಮೇಲೆ ಶರ್ವರಿಯ ಕಡೆ ತಿರುಗಿದ. ಅವಳು ಎದ್ದು ನಿಂತಿದ್ದಳು.

"ನಂದ ತಪ್ಪರಿ ಅಣ್ಣಾ. ನನ್ನ ಸಿ-3 ಎಲ್ಲಾ ಅಳಿಸಿ ಹೋಗಿತ್ತರಿ. ನಾನ ಎಲ್ಲೋ ಏನೋ ಒತ್ತಿರಬೇಕು. ಶುರುಕ ಗೊತ್ತಾಗಲಿಲ್ಲ. ಸದ್ದ ಆದ ಮ್ಯಾಲ ನಸ್ರೀನಳ ಸಿ-2ಕ ತಿರುಗಿಸಿ ಉಳಿದದ್ದೆಲ್ಲಾ ಅದರಾಗ ತಗದೆ. ಕಾರ್ಡ ನೋಡೂದು ಲಕ್ಷ್ಯಕ್ಕ ಬರಲಿಲ್ಲ."

ನನ್ನ ಸಿ-2 ಎಂಬ ಮಾತು ಕಿವಿಗೆ ಬಿತ್ತು. ಬಿದ್ದರೂ ಬೀಳದವಳ ಹಾಗೆ ನಿಂತಿದ್ದೆ.

"ಈ ಅಂಗಡಿಗಿ ಹೆಸರ ಬಂದದ್ದ ಆ ಒಂದ ಮಾತಿನಿಂದ," ಎಂದ ಅಮೋಘಿ ಅಣ್ಣ. ಅವನು ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು. "ನಸ್ರೀನ ನೋಡಲಿಲ್ಲಂದ್ರ ಏನಾಗತಿತ್ತು? ಆ ಮನಿಯವರಿಗಿ ಯಾವ ಮಾರಿ ತೋರಸಬೇಕಾಗಿತ್ತು ನಾ? ನಾಳಿಂದ ಬರಬ್ಯಾಡವ್ವ."

ಶರ್ವರಿ ಗಾಜನ್ನು ಮೆಲ್ಲಗೆ ಕೆಳಗಿಟ್ಟಳು. ಬ್ಯಾಗು ಹೆಗಲಿಗೆ ಹಾಕಿಕೊಂಡಳು. ನಾನು ಬಾಯಿ ತೆರೆಯಲಿಲ್ಲ. ಅವಳು ಹೋದಳು. ಅಮೋಘಿ ಅಣ್ಣ ಕ್ಯಾಮರಾವನ್ನೇ ನನ್ನ ಕೈಗೆ ಕೊಟ್ಟು, "ತಿಕೋಟಾಕ್ಕ ಹೋಗಿ ನಿಮ್ಮ ನಾನಿ ಎದುರಿಗೇ ಅಳಿಸಿ ಬಾ ತಂಗಿ. ಏನಾಗೈತಿ ಖರೇ ಹೇಳು," ಎಂದ.

ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಗೆದ್ದವಳು ನಾನು. ಆದರೂ ಕ್ಯಾಮರಾದ ಬ್ಯಾಗನ್ನು ತೊಡೆಯ ಮೇಲೆ ಇಟ್ಟುಕೊಳ್ಳಲಾಗದೆ ಕಾಲ ಬಳಿ ಇಟ್ಟೆ.

ನಾನಿ ಟಿ.ವಿ. ಮುಂದೆ ಕೂತಿದ್ದಳು. ಕಾರ್ಡನ್ನು ಯಾರೋ ಟಿ.ವಿ.ಗೆ ಹಾಕಿಕೊಟ್ಟು ಹೋಗಿದ್ದರು, ರಿಮೋಟು ಅವಳ ಕೈಯಲ್ಲಿ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

"ಬಾ, ನೋಡ ಬಾ," ಎಂದು ಮೊದಲಿನಿಂದ ಶುರು ಮಾಡಿದಳು. ಸಿಂಗಾರದ ಕೋಣೆ, ಬಳೆ, ಹೂವು. ಎಲ್ಲ ಚೆನ್ನಾಗಿದ್ದವು, ಆದರೆ ಟ್ಯೂಬ್‌ಲೈಟಿನ ಬೂದಿ ಎಲ್ಲರ ಮುಖದ ಮೇಲಿತ್ತು. ಮೂವತ್ತೇಳು ದಾಟಿತು.

"ಇಲ್ಲಿಂದ ನೋಡು," ಎಂದಳು ನಾನಿ. "ಇಲ್ಲಿಂದ ಜೀವ ಬಂದೈತಿ."

ಪರದೆ ತುಂಬ ಬೆಚ್ಚಗಾಯಿತು. ನನ್ನ ಹಳದಿ, ಮೂರು ಮೆಟ್ಟಿಲು. ಒಂದು ವರ್ಷ ನಾನು ಕಟ್ಟಿದ ಕೋಣೆ. ಅದರೊಳಗೆ ಶರ್ವರಿ ಹೋಗಿ ನಿಂತಿದ್ದಳು. ಸುರೈಯಾ ಕಬೂಲ್ ಎಂದ ಮೇಲೆ ಮುಖ ಎತ್ತಿದ ಆ ಒಂದು ಕ್ಷಣ ಅಲ್ಲಿತ್ತು. ಖಾಲಾ ಅಡುಗೆಯವನ ಜೊತೆ ಜಗಳವಾಡುತ್ತ ಅರ್ಧದಲ್ಲಿ ಅತ್ತದ್ದಿತ್ತು. ಅದೇ ಗುಂಡಿ, ಅದೇ ಬಣ್ಣ, ಅದೇ ಐದು ಸಾಲಿನ ಮೆನು. ನಾನು ಇದೇ ಸಿ-2ರಲ್ಲಿ ಎಷ್ಟು ಸಾವಿರ ಫೋಟೋ ತೆಗೆದಿದ್ದೇನೆ. ಇಂಥದೊಂದು ತೆಗೆದಿಲ್ಲ. ಸಿ-3ರಲ್ಲಿ ಗುಟ್ಟಿದೆ ಎಂದು ನಂಬಿಕೊಂಡಿದ್ದಷ್ಟು ದಿನ ತಪ್ಪಿಸಿಕೊಳ್ಳಲು ಒಂದು ದಾರಿ ಇತ್ತು. ಈಗ ಅದೂ ಮುಚ್ಚಿತು.

"ಇನ್ನೊಂದು ನೋಡಿದ್ಯಾ?" ಎಂದಳು ನಾನಿ. "ಹಿಂದ ಕಂಬದ ಹಂತೇಕ."

ಕಂಬದ ಹತ್ತಿರ ಹಸಿರು ಜರಿಯ ಡ್ರೆಸ್ಸು. ನಾನು. ಕ್ಯಾಮರಾವನ್ನು ಸುಡುವ ಹಾಗೆ ನೋಡುತ್ತಿದ್ದೆ. ನಾನಿ ಮುಂದಿನದಕ್ಕೆ ಹೋದಳು, ಅಲ್ಲೂ ನಾನು. ಊಟದ ಸಾಲಿನ ಹಿಂದೆ, ಬಾಗಿಲ ಸಂದಿಯಲ್ಲಿ, ಸುರೈಯಾಳ ಹೆಗಲ ಮೇಲಿನಿಂದ. ಜಗತ್ತಿನಲ್ಲಿ ಯಾರೂ ಕ್ಯಾಮರಾ ನೋಡದ ಫೋಟೋಗಳಲ್ಲಿ ನಾನೊಬ್ಬಳೇ ನೋಡುತ್ತಿದ್ದೆ.

"ಮುಂಜಾನಿಂದ ಹೆಣ್ಮಕ್ಕಳೆಲ್ಲಾ ನೋಡಿ ಹೋದ್ರು. ಅಕ್ಕ ಗಂಡನ ಮನಿಗಿ ಹೊಂಟಾಳಂತ ಮನಸಿಗಿ ಹಚ್ಕೊಂಡಾಳ ಪಾಪ, ಅಂದ್ರು. ನಾನೂ ಹೌದಂದೆ," ಎಂದಳು ನಾನಿ. "ಈಗ ಹೇಳು, ಆ ಹುಡುಗಿ ನಿನಗೇನ ಮಾಡ್ಯಾಳ?"

ಅವಳು ಕನ್ನಡದಲ್ಲೇ ಕೇಳುತ್ತಿದ್ದಳು. ಎಲ್ಲವನ್ನೂ ಹೇಳಿದೆ. ಸಿ-1, ಸಿ-3 ಅವಳಿಗೆ ಎಷ್ಟು ತಿಳಿಯಿತೋ ಗೊತ್ತಿಲ್ಲ. ಎರಡನೇ ಕಾರ್ಡು ಎಂದ ಕೂಡಲೇ ಮಾತ್ರ ರಿಮೋಟು ಕೆಳಗಿಟ್ಟಳು.

"ಯಾರ ನೋಡ್ಯಾರ?"

"ಯಾರೂ ಇಲ್ಲ. ನಾನೊಬ್ಬಾಕಿ."

"ನನ್ನ ಕೂದಲ ಅದಾವ ಅದರಾಗ?"

"ಅದಾವ."

"ಕೊಡು ಇಲ್ಲಿ."

ಎಲ್ಲಿ ಒತ್ತಬೇಕೆಂದು ತೋರಿಸಿದೆ. ಎಲ್ಲವನ್ನೂ ಒಟ್ಟಿಗೆ ಅಳಿಸಬಹುದು ಎಂದೆ. ಬೇಡ ಎಂದಳು. ಸುಣ್ಣ ಹತ್ತಿದ ಹೆಬ್ಬೆರಳಿನಿಂದ ಒಂದೊಂದಾಗಿ, ನೋಡಿ, ಒತ್ತಿ, ಮೂವತ್ತೇಳನ್ನೂ ಅಳಿಸಿದಳು. ಕ್ಯಾಮರಾ ಪ್ರತಿ ಸಲ ಆಗಬಹುದೇ ಎಂದು ಕೇಳಿತು. ಅವಳು ಪ್ರತಿ ಸಲ "ಹ್ಞೂಂ" ಎಂದಳು.

"ಆ ಹುಡುಗಿಗಿ ಕೆಲಸದಿಂದ ಬಿಡಿಸ್ಯಾರ?"

"ಹ್ಞೂಂ."

"ನೀ ಬಾಯಿ ಮುಚ್ಕೊಂಡ ನಿಂತಿ."

"ಹ್ಞೂಂ."

"ಚಹಾ ಕೊಡಂಗಿಲ್ಲ ನಿನಗ. ಬಬಲೇಶ್ವರ ಗಾಡಿ ಎಷ್ಟಕ್ಕೈತಿ ನೋಡು, ಎದ್ದೇಳು."

ನೇರ ಬಸ್ಸು ಇರಲಿಲ್ಲ. ಎರಡು ಟಂಟಂ ಆಟೋ ಬದಲಿಸಿ, ಕೊನೆಯ ದಾರಿಯಲ್ಲಿ ಈರುಳ್ಳಿ ಚೀಲದ ಮೇಲೆ ಕೂತು ಹೋದೆ. ಶರ್ವರಿ ಮನೆಯ ಕಟ್ಟೆಯ ಮೇಲೆ ಕೂತಿದ್ದಳು, ಕಣ್ಣು ಊದಿತ್ತು. ನನ್ನನ್ನು ನೋಡಿ ಸಮಾಧಾನ ಹೇಳಲು ಬಂದಿದ್ದಾಳೆ ಎಂದುಕೊಂಡು ಪಕ್ಕದಲ್ಲಿ ಜಾಗ ಮಾಡಿದಳು. ಕೂರದೆ, ನಿಂತೇ ಹೇಳಿದೆ.

ಅವಳು ಮಡಿಲಲ್ಲಿದ್ದ ನೋಟುಬುಕ್ಕು ಮುಚ್ಚಿದಳು.

"ಮಧ್ಯಾಹ್ನದಿಂದ ಆ ನೋಟ್‌ಬುಕ್ ತಗದ ಕುಂತೇನಿ," ಎಂದಳು. "ಎಲ್ಲಿ ತಪ್ಪ ಒತ್ತಿದೆ, ಎಲ್ಲಿ ತಪ್ಪ ಒತ್ತಿದೆ ಅಂತ. ಯಾಕ ಮಾಡಿದಿ ಬೇ?"

"ಹೊಟ್ಟಿ ಉರೀತಿತ್ತು."

"ಯಾತಕ?"

"ನೀ ಚಂದ ತಗೀತಿ."

"ಅಷ್ಟಕ್ಕ?"

"ನಿನಗ ಅದು ಅಷ್ಟ. ನನಗ ಅಷ್ಟಲ್ಲ."

ಅವಳು ನಗಲಿಲ್ಲ. ನನ್ನನ್ನು ಅಪ್ಪಿಕೊಳ್ಳಲೂ ಇಲ್ಲ. "ಅಣ್ಣಗ ಫೋನ್ ಹಚ್ಚು. ನನ್ನ ಎದುರಿಗಿ ಹೇಳು," ಎಂದಳು. ಹಚ್ಚಿದೆ, ಸ್ಪೀಕರಿನ ಮೇಲೆ. ಹೇಳಿ ಮುಗಿಸಿದ ಮೇಲೆ ಆ ಕಡೆಯಿಂದ ರೈಲು ಹಾದುಹೋಗುವ ಸದ್ದು ಕೇಳಿತು. ಅದು ಮುಗಿಯುವವರೆಗೆ ಅಮೋಘಿ ಅಣ್ಣ ಕಾದ.

"ಶರ್ವರಿ ಅದಾಳೇನ ಅಲ್ಲಿ? ಯವ್ವಾ, ತಪ್ಪಾತ ನಂದು. ನಾಳಿ ಬಾ. ನಸ್ರೀನ, ನೀನೂ ಬಾ. ಖರೇ ಇಷ್ಟ ತಿಳ್ಕೋ, ಹೆಣ್ಮಕ್ಕಳ ಕಡೆ ಕ್ಯಾಮರಾ ಇನ್ನ ಮ್ಯಾಲ ಆಕೀದ. ಮುಂದಿನ ತಿಂಗಳ ಕಾಖಂಡಕಿ ಶಾದಿಗಿ ನೀ ಆಕೀ ಸಂಗಾಟ ಹೋಗು, ಎರಡೂ ಕಾರ್ಡಿನ ಬಾಗಿಲಾ ನೀ ಕಾಯಿ. ಕ್ಯಾಮರಾ ಮುಟ್ಟಬ್ಯಾಡ."

"ಹ್ಞೂಂರಿ ಅಣ್ಣಾ," ಎಂದೆ. ಯಾವುದನ್ನು ಕಳೆದುಕೊಳ್ಳಬಾರದೆಂದು ಇಷ್ಟೆಲ್ಲ ಮಾಡಿದ್ದೆನೋ ಅದೇ ಹೋಯಿತು. ಫೋನನ್ನು ಬ್ಯಾಗಿಗೆ ಹಾಕಿದೆ.

ಶರ್ವರಿ ನನ್ನ ಬ್ಯಾಗಿನಿಂದ ಕ್ಯಾಮರಾ ತೆಗೆದು ನನ್ನ ಕೈಗೇ ಕೊಟ್ಟಳು.

"ನನ್ನ ಸಿ-3 ನೀ ಅಳಿಸಿದಿ, ನೀನ ತುಂಬು. ಹಳೇದು ಬ್ಯಾಡ. ನಿನ್ನ ಸಿ-2 ಐತೆಲ್ಲ, ಅದನ್ನ ಹಂಗ ತಂದ ಇಡು. ಆ ಬಣ್ಣ ಭಾಳ ಚಂದ ಬರತೈತಿ."

ಇದಕ್ಕಿಂತ ಅವಳು ನನಗೆ ಎರಡು ಬಾರಿಸಿದ್ದರೆ ಒಳ್ಳೆಯದಿತ್ತು. ಕಟ್ಟೆಯ ಮೇಲೆ ಕೂತು ಸಿ-2ಕ್ಕೆ ತಿರುಗಿಸಿದೆ. ಒಂದು ಕಾರ್ಡು, ಸದ್ದು ಬಂದ್, ಹೆಬ್ಬೆರಳಿನ ಗುಂಡಿ, ಐದು ಸಾಲು. ಬಣ್ಣದ ಸಾಲಿಗೆ ಬಂದಾಗ ಬೆರಳು ತಾನೇ ಹೋಯಿತು. ಹಳದಿಯನ್ನು ಮೂರರಿಂದ ಎರಡಕ್ಕೆ ಇಳಿಸಿದೆ. ಒಂದೇ ಮೆಟ್ಟಿಲು. ಯಾರ ಕಣ್ಣಿಗೂ ಬೀಳದಷ್ಟು. ಒಂದಾದರೂ ನನ್ನ ಹತ್ತಿರ ಉಳಿಯಲಿ ಎಂದು. ಸಿ-3ರಲ್ಲಿ ಉಳಿಸಿ, ಅವಳ ಕೈಗೆ ಕೊಟ್ಟೆ.

ಅವಳು ಎದುರಿನ ಗೋಡೆಯ ಮೇಲೆ ಬಿದ್ದ ಸಂಜೆಯ ಬಿಸಿಲಿನದೊಂದು ಫೋಟೋ ತೆಗೆದಳು. ಹಿಂದಿನ ಪರದೆ ನೋಡಿದಳು.

"ಒಂದ ಕಮ್ಮಿ ಆಗೈತಿ," ಎಂದಳು.

"ಏನು?"

"ಹಳದಿ. ನಿನ್ನಿ ಎಂಟನೂರ ಫೋಟೋ ತಗದೇನಿ ಇದರಾಗ. ಗೊತ್ತಾಗತೈತಿ."

ಕ್ಯಾಮರಾ ಇಸಿದುಕೊಂಡು ಮೂರಕ್ಕೆ ಏರಿಸಿ ಮತ್ತೆ ಉಳಿಸಿದೆ. ಹಳೆಯದು ಹೋಗುತ್ತದೆ, ಆಗಬಹುದೇ ಎಂದು ಕೇಳಿತು. ಆಗಬಹುದು.

ಅವಳು ಕ್ಯಾಮರಾವನ್ನು ನನ್ನ ಕಡೆ ಎತ್ತಿದಳು. "ಹಂಗ ನೋಡಬ್ಯಾಡ," ಎಂದಳು.

"ಹೆಂಗ?"

"ಕಂಬದ ಹಂತೇಕ ನಿಂತ ನೋಡಿದ್ಯಲ್ಲ, ಹಂಗ."

ಹಾಗೆ ನೋಡದಿರಲು ಪ್ರಯತ್ನಪಟ್ಟೆ. ಆಗಲಿಲ್ಲ. ಅವಳು ಒತ್ತಲಿಲ್ಲ, ಕಾಯುತ್ತಿದ್ದಳು. ನಾನೂ ಹಟ ಹಿಡಿದು ಲೆನ್ಸನ್ನೇ ನೋಡುತ್ತ ಕೂತೆ. ಅಷ್ಟರಲ್ಲಿ ರಸ್ತೆಯ ತಿರುವಿನಲ್ಲಿ ಹಾರ್ನ್ ಕೇಳಿತು. ವಿಜಯಪುರದ ಬಸ್ಸೇ ಇರಬೇಕೆಂದು ಗಾಬರಿಯಿಂದ ಎದ್ದು, ಒಂದು ಕಾಲಿಗೆ ಚಪ್ಪಲಿ ಸಿಕ್ಕಿಸಿಕೊಂಡು ಇನ್ನೊಂದನ್ನು ಹುಡುಕುತ್ತ ಆ ಕಡೆ ತಿರುಗಿದೆ.

ಅವಳು ಯಾವಾಗ ಒತ್ತಿದಳೋ ನನಗೆ ತಿಳಿಯಲಿಲ್ಲ. ಸದ್ದು ನಾನೇ ಬಂದ್ ಮಾಡಿಟ್ಟಿದ್ದೆನಲ್ಲ.